ಹತ್ತಿದ ಗೇರಿನಲ್ಲೇ ಇಳಿ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಸಕಲೇಶಪುರದ ಕಡೆಯಿಂದ ಶಿರಾಡಿ ಘಾಟಿ ಇಳಿದು ಗುಂಡ್ಯ ಮುಟ್ಟುವಷ್ಟರಲ್ಲಿ ರಸ್ತೆ ಏನಿಲ್ಲವೆಂದರೂ ಏಳುನೂರು ಮೀಟರ್ ಕೆಳಕ್ಕೆ ಬಂದಿರುತ್ತದೆ. ಸರಕೆಲ್ಲ ಸೇರಿ 28 ಟನ್ ತೂಗುವ ಹತ್ತು ಚಕ್ರದ ಲಾರಿಯೊಂದು ಅಷ್ಟು ಎತ್ತರದಿಂದ ಇಳಿದರೆ ಅದು ಎಷ್ಟು ಶಕ್ತಿಯನ್ನು ಕಳೆದುಕೊಳ್ಳಬೇಕು? ಹೈಸ್ಕೂಲಿನ ಸೂತ್ರವೇ ಸಾಕು. ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ 19 ಕೋಟಿ ಜೂಲ್ ದಾಟುತ್ತದೆ. ಕರೆಂಟು ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ 53 ಯೂನಿಟ್.

ಅದೇ ಲಾರಿ ಬಯಲಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದಾಗ ಬ್ರೇಕ್ ಒತ್ತಿ ಪೂರ್ತಿ ನಿಲ್ಲಿಸಿದರೆ ಖರ್ಚಾಗುವುದು ಒಂದು ಯೂನಿಟ್ಟು, ಮೇಲೊಂದು ಚೂರು. ಅಂದರೆ ಬರೀ ಬ್ರೇಕ್ ನಂಬಿಕೊಂಡು ಶಿರಾಡಿ ಇಳಿಯುವುದೂ ಒಂದೇ, ಅರವತ್ತರ ವೇಗದಿಂದ ಐವತ್ತು ಸಲ, ನಡುವೆ ಆರಲು ಬಿಡದೆ ಲಾರಿ ನಿಲ್ಲಿಸುವುದೂ ಒಂದೇ. ಟೈರಿನ ಉಜ್ಜಾಟ, ಗಾಳಿಯ ತಡೆ ಒಂದಿಷ್ಟು ಪಾಲು ಹೊರುತ್ತವೆ, ನಿಜ. ಮಿಕ್ಕಿದ್ದನ್ನು ಯಾರಾದರೂ ಹೊರಲೇಬೇಕು. ಹೊರಬಲ್ಲವರು ಇಬ್ಬರೇ: ಬ್ರೇಕು, ಇಲ್ಲವೇ ಎಂಜಿನ್ನು.

ಬ್ರೇಕ್ ಇರುವುದು ನಿಲ್ಲಿಸುವುದಕ್ಕೆ. ಮುಕ್ಕಾಲು ಗಂಟೆ ಕಾಲ ಭಾರವನ್ನು ಹಿಂದಕ್ಕೆ ಹಿಡಿದುಕೊಂಡೇ ಇರುವುದು ಅದರ ಕೆಲಸವಲ್ಲ. ಘಾಟಿ ರೂಟಿನ ಹಳೆಯ ಡ್ರೈವರುಗಳು ಈ ಮಾತನ್ನು ಸೂತ್ರವಿಲ್ಲದೆ ಕಲಿತಿದ್ದರು. ‘ಹತ್ತೋವಾಗ ಯಾವ ಗೇರೋ ಇಳಿಯೋವಾಗಲೂ ಅದೇ ಗೇರು ಕಣೋ’ ಎಂಬುದು ಕ್ಲೀನರ್ ಹುಡುಗನಿಗೆ ಸಿಗುತ್ತಿದ್ದ ಮೊದಲ ಪಾಠ. ಅಮೆರಿಕದ ಪಿಕಪ್ ಗಾಡಿಗಳಲ್ಲಿ ಈಗ ಆ ಪಾಠವನ್ನು ಒಂದು ಗುಂಡಿಯೊಳಗೆ ತುಂಬಿಟ್ಟಿದ್ದಾರೆ. ನಮ್ಮಲ್ಲಿ ಗುಂಡಿಯೂ ಇಲ್ಲ. ಪಾಠವೂ ಮರೆತುಹೋಗುತ್ತಿದೆಯೇನೋ ಎಂಬ ಅನುಮಾನ ನನಗೆ.

ಬ್ರೇಕು ಎಲ್ಲಿ ಸೋಲುತ್ತದೆ

‘ಬ್ರೇಕ್ ಫೇಲ್ ಆಯ್ತು’ ಎಂಬುದು ಪತ್ರಿಕೆಗಳಲ್ಲಿ ಅಪಘಾತದ ಸುದ್ದಿಯ ಜತೆ ಅಚ್ಚಾಗಿಯೇ ಬರುವ ಸಾಲು. ಓದಿದವರು ಪೈಪು ಹರಿಯಿತೆಂದೋ ಯಾವುದೋ ಬೋಲ್ಟು ಕಳಚಿತೆಂದೋ ಅಂದುಕೊಳ್ಳುತ್ತಾರೆ. ಉದ್ದನೆಯ ಇಳಿಜಾರಿನಲ್ಲಿ ಅನೇಕ ಸಲ ಹಾಗೇನೂ ಮುರಿದಿರುವುದಿಲ್ಲ. ತಣ್ಣಗಾದ ಮೇಲೆ ಅದೇ ಬ್ರೇಕು ಸರಿಯಾಗಿ ಹಿಡಿಯುತ್ತದೆ.

ಲಾರಿಯ ಡ್ರಮ್ ಬ್ರೇಕನ್ನೇ ನೋಡಿ. ಕಬ್ಬಿಣದ ಡ್ರಮ್ಮು ಚಕ್ರದ ಜತೆ ತಿರುಗುತ್ತದೆ. ಒಳಗಿನಿಂದ ಲೈನಿಂಗ್ ಹಚ್ಚಿದ ಶೂಗಳು ಹೊರಕ್ಕೆ ಒತ್ತಿ ಅದನ್ನು ತಡೆಯುತ್ತವೆ. ಕಾದ ಡ್ರಮ್ಮು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ. ಮೊದಲಿನಷ್ಟೇ ಹಿಡಿತ ಸಿಗಬೇಕಾದರೆ ಪೆಡಲು ಇನ್ನೂ ಕೆಳಗಿಳಿಯಬೇಕು. ಇನ್ನೂ ಕಾದರೆ ಲೈನಿಂಗಿನ ಉಜ್ಜುವ ಗುಣವೇ ಕುಗ್ಗುತ್ತದೆ. ಹಿಡಿತ ಕಡಿಮೆಯಾಯಿತೆಂದು ಡ್ರೈವರು ಇನ್ನೂ ಜೋರಾಗಿ ಒತ್ತುತ್ತಾನೆ, ಒತ್ತಿದಷ್ಟೂ ಕಾವು ಏರುತ್ತದೆ. ಏರ್ ಬ್ರೇಕಿನ ಗಾಡಿಯಲ್ಲಿ ಪೆಡಲನ್ನು ಮತ್ತೆ ಮತ್ತೆ ಒತ್ತಿ ಬಿಟ್ಟರೆ ಟ್ಯಾಂಕಿನ ಗಾಳಿಯೂ ಇಳಿಯುತ್ತದೆ. ಎಂಜಿನ್ ನಿಧಾನವಾಗಿ ತಿರುಗುತ್ತಿದ್ದರೆ ಗಾಳಿ ತುಂಬುವ ಕಂಪ್ರೆಸರೂ ನಿಧಾನ.

ಕಾರುಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ಒತ್ತಡ ಸಾಗುವುದು ಬ್ರೇಕ್ ಆಯಿಲ್ ಮೂಲಕ. ಡಾಟ್–3 ದರ್ಜೆಯ ಹೊಸ ಆಯಿಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಆದರೆ ಈ ಆಯಿಲಿಗೆ ಗಾಳಿಯ ತೇವ ಹೀರುವ ಚಾಳಿ. ನೀರು ಸೇರಿದ ಮೇಲೆ ಅದೇ ಆಯಿಲಿಗೆ ನಿಯಮ ಕೇಳುವುದು ಕನಿಷ್ಠ 140 ಡಿಗ್ರಿಯನ್ನಷ್ಟೇ. ಕುದಿದಾಗ ಏಳುವ ಹಬೆಯ ಗುಳ್ಳೆಗಳು ಅದುಮಿದರೆ ಕುಗ್ಗುತ್ತವೆ. ಪೆಡಲು ಮೆತ್ತಗಾಗಿ ನೆಲ ಮುಟ್ಟುತ್ತದೆ, ಚಕ್ರದ ತನಕ ಏನೂ ತಲುಪುವುದಿಲ್ಲ. ಮಲೆನಾಡು–ಕರಾವಳಿಯ ತೇವದ ಹವೆಯಲ್ಲಿ ಓಡಾಡುವ ಕಾರಿನವರು ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಎಂದು ಮೆಕ್ಯಾನಿಕ್ ಹೇಳಿದರೆ ಅವನು ದುಡ್ಡು ಕೀಳುತ್ತಿದ್ದಾನೆ ಎಂದುಕೊಳ್ಳಬೇಡಿ.

ಇಲ್ಲಿ ವೇಗದ ಪಾತ್ರವೇನು? ಒಟ್ಟು 53 ಯೂನಿಟ್ಟೇನೋ ಬದಲಾಗುವುದಿಲ್ಲ. ನಿಧಾನವಾಗಿ ಇಳಿದರೂ ಜೋರಾಗಿ ಇಳಿದರೂ ಅಷ್ಟೇ. ಆದರೆ ಅದನ್ನು ಎಷ್ಟು ಹೊತ್ತಿನಲ್ಲಿ ಕರಗಿಸಬೇಕು ಎಂಬುದು ಬದಲಾಗುತ್ತದೆ. ನಲವತ್ತರಲ್ಲಿ ಇಳಿಯುವವನು ಇಪ್ಪತ್ತಕ್ಕೆ ಬಂದರೆ ಪ್ರತಿ ಸೆಕೆಂಡಿಗೆ ಹುಟ್ಟುವ ಕಾವು ಅರ್ಧಕ್ಕೆ ಇಳಿಯುತ್ತದೆ, ಆರಲು ಸಿಗುವ ಸಮಯ ದುಪ್ಪಟ್ಟಾಗುತ್ತದೆ. ಘಾಟಿಯಲ್ಲಿ ನಿಧಾನ ಎನ್ನುವುದು ಬರೀ ತಿರುವುಗಳ ಭಯಕ್ಕೆ ಹೇಳಿದ ಮಾತಲ್ಲ.

ಉರಿಯದೆ ದುಡಿಯುವ ಎಂಜಿನ್

ಎಂಜಿನ್ ಭಾರವನ್ನು ಹೇಗೆ ಹಿಡಿಯುತ್ತದೆ? ಗೇರು ಹಾಕಿದ್ದು, ಎಕ್ಸಲರೇಟರಿನಿಂದ ಕಾಲು ತೆಗೆದರೆ, ಎಂಜಿನ್ ಚಕ್ರವನ್ನು ತಿರುಗಿಸುವ ಬದಲು ಚಕ್ರವೇ ಎಂಜಿನ್ನನ್ನು ತಿರುಗಿಸತೊಡಗುತ್ತದೆ. ಗಾಡಿಯ ಓಟದ ಶಕ್ತಿಯೆಲ್ಲ ಸಿಲಿಂಡರುಗಳಲ್ಲಿ ಗಾಳಿ ಎಳೆದು, ಅದುಮಿ, ಹೊರಹಾಕುವ ಕೆಲಸಕ್ಕೆ ವ್ಯಯವಾಗುತ್ತದೆ. ಗೇರು ಸಣ್ಣದಾದಷ್ಟೂ ಚಕ್ರದ ಒಂದು ಸುತ್ತಿಗೆ ಎಂಜಿನ್ ಹೆಚ್ಚು ಸುತ್ತು ಹೊಡೆಯಬೇಕು, ತಡೆಯೂ ಅಷ್ಟೇ ಹೆಚ್ಚು. ಹುಟ್ಟಿದ ಕಾವನ್ನು ಹೊರಹಾಕಲು ರೇಡಿಯೇಟರು, ಫ್ಯಾನು, ಸೈಲೆನ್ಸರು ಎಲ್ಲ ಸಿದ್ಧವಾಗಿಯೇ ಇವೆ. ಇಡೀ ದಿನ ಕಾವು ಕಳೆಯುವುದಕ್ಕೆಂದೇ ರೂಪುಗೊಂಡ ಯಂತ್ರ ಅದು.

ಪೆಟ್ರೋಲ್ ಎಂಜಿನ್ನಿಗೆ ಈ ಕೆಲಸ ಸಲೀಸು. ಕಾಲು ತೆಗೆದ ಕೂಡಲೇ ಗಾಳಿಯ ಬಾಯಿ ಮುಚ್ಚಿಕೊಳ್ಳುತ್ತದೆ. ಪಿಸ್ಟನ್ನುಗಳು ಮುಚ್ಚಿದ ಬಾಯಿಯಿಂದ ಗಾಳಿ ಹೀರಲು ತಿಣುಕುತ್ತವೆ. ಡೀಸೆಲ್ ಎಂಜಿನ್ನಿನಲ್ಲಿ ಅಂಥ ಮುಚ್ಚಳ ಮೂಲತಃ ಇಲ್ಲ. ಗಾಳಿಯನ್ನು ಬಹಳ ಬಿಗಿಯಾಗಿ ಅದುಮುತ್ತದಲ್ಲ, ಆ ತಡೆಯೇ ಸಾಕಲ್ಲವೇ ಎಂದು ಕೇಳಬಹುದು. ಸೈಕಲ್ ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿ ಒತ್ತಿ ನೋಡಿ. ಒತ್ತುವುದು ಕಷ್ಟ. ಕೈ ಬಿಟ್ಟರೆ ಹಿಡಿ ತಾನಾಗಿ ಹಿಂದಕ್ಕೆ ಚಿಮ್ಮುತ್ತದೆ. ಡೀಸೆಲ್ ಎಂಜಿನ್ನಿನಲ್ಲೂ ಅದೇ ಆಗುತ್ತದೆ. ಅದುಮಲು ತೆಗೆದುಕೊಂಡ ಶಕ್ತಿಯ ಬಹುಪಾಲನ್ನು ಗಾಳಿ ಮರುಕ್ಷಣವೇ ಪಿಸ್ಟನ್ನಿಗೆ ವಾಪಸು ಕೊಟ್ಟುಬಿಡುತ್ತದೆ.

ಆ ಶಕ್ತಿಯನ್ನು ವಾಪಸು ಕೊಡಲು ಬಿಡದಿದ್ದರೆ? ಈ ಪ್ರಶ್ನೆಯ ಹಿಂದೆ ಒಂದು ಸಾವಿನ ಭಯವಿದೆ. ಕಮಿನ್ಸ್ ಎಂಜಿನ್ ಕಂಪನಿಯ ಸ್ಥಾಪಕ ಕ್ಲೆಸ್ಸಿ ಕಮಿನ್ಸ್ 1931ರಲ್ಲಿ ತಮ್ಮ ಡೀಸೆಲ್ ಎಂಜಿನ್ ಹೂಡಿದ ಟ್ರಕ್ಕೊಂದನ್ನು ನ್ಯೂಯಾರ್ಕಿನಿಂದ ಲಾಸ್ ಏಂಜಲಿಸ್‌ಗೆ ಓಡಿಸಿದರು. ಡೀಸೆಲ್ ಎಂಜಿನ್ ರಸ್ತೆಗೂ ಸೈ ಎಂದು ಜನಕ್ಕೆ ತೋರಿಸುವುದು ಉದ್ದೇಶ. ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟಿತು. ಕೆಳಗೆ ರೈಲು ಹಳಿ. ಹಳಿಯ ಮೇಲೆ ಗೂಡ್ಸ್ ರೈಲು ಹಾದುಹೋಗುತ್ತಿತ್ತು. ಟ್ರಕ್ಕು ಹಳಿ ಮುಟ್ಟುವ ಹೊತ್ತಿಗೆ ರೈಲಿನ ಕೊನೆಯ ಡಬ್ಬಿ ದಾಟಿತ್ತು, ಕೂದಲೆಳೆಯಲ್ಲಿ ಬಚಾವಾದರು. ಗಾಡಿ ಎಳೆಯುವಷ್ಟೇ ಬಲವಾಗಿ ಅದನ್ನು ತಡೆಯಬಲ್ಲ ಎಂಜಿನ್ ಬೇಕು ಎಂಬ ಹಂಬಲ ಅಂದಿನಿಂದ ಅವರನ್ನು ಬಿಡಲಿಲ್ಲ. ಅದಕ್ಕೆ ದಾರಿ ಹೊಳೆದದ್ದು ಮಾತ್ರ ಕಂಪನಿಯ ಕೆಲಸ ಬಿಟ್ಟ ಮೇಲೆ, ಮುಪ್ಪಿನಲ್ಲಿ. ಪಿಸ್ಟನ್ನು ಗಾಳಿಯನ್ನು ಪೂರ್ತಿ ಅದುಮಿ ಮೇಲೆ ತಲುಪಿದ ಕ್ಷಣದಲ್ಲಿ ಎಕ್ಸಾಸ್ಟ್ ವಾಲ್ವನ್ನು ಚೂರು ತೆರೆದುಬಿಡಬೇಕು. ಅದುಮಿದ ಗಾಳಿ ಭುಸ್ ಎಂದು ಹೊರಹೋಗುತ್ತದೆ, ಪಿಸ್ಟನ್ನನ್ನು ಕೆಳಕ್ಕೆ ತಳ್ಳಲು ಒಳಗೆ ಏನೂ ಉಳಿಯುವುದಿಲ್ಲ. ಡ್ರಿಲ್ ಯಂತ್ರದ ಚಕ್ ತಯಾರಿಸಿ ಹೆಸರಾಗಿದ್ದ ಜೇಕಬ್ಸ್ ಕಂಪನಿ 1961ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ‘ಜೇಕ್ ಬ್ರೇಕ್’ ಎಂಬ ಹೆಸರು ಬಂದದ್ದು ಹಾಗೆ. ಅದರ ಸದ್ದು ಎಷ್ಟು ಕರ್ಕಶವೆಂದರೆ, ಎಂಜಿನ್ ಬ್ರೇಕ್ ಬಳಸಬೇಡಿ ಎಂಬ ಫಲಕಗಳು ಅಮೆರಿಕದ ಎಷ್ಟೋ ಊರುಗಳ ಬಾಗಿಲಲ್ಲಿ ಇಂದಿಗೂ ನಿಂತಿವೆ.

ನಮ್ಮ ಲಾರಿ–ಬಸ್ಸುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದರ ಬಡ ಸೋದರ, ಎಕ್ಸಾಸ್ಟ್ ಬ್ರೇಕ್. ಹೊಗೆ ಹೋಗುವ ದಾರಿಗೆ ಅಡ್ಡಲಾಗಿ ಒಂದು ಮುಚ್ಚಳ ಬೀಳುತ್ತದೆ; ಪಿಸ್ಟನ್ನುಗಳು ಆ ಒತ್ತಡದ ವಿರುದ್ಧ ಗಾಳಿ ತಳ್ಳಬೇಕಾಗುತ್ತದೆ. ತಡೆ ಅಷ್ಟೇನೂ ಭರ್ಜರಿಯಲ್ಲ, ಆದರೂ ಸಣ್ಣ ಗೇರಿನ ಜತೆ ಬಳಸಿದರೆ ಬ್ರೇಕಿನ ಎಷ್ಟೋ ಹೊರೆ ಇಳಿಯುತ್ತದೆ. ಇದರ ಸ್ವಿಚ್ಚಿದ್ದೂ ಅದನ್ನು ಮುಟ್ಟದ ಡ್ರೈವರುಗಳಿದ್ದಾರೆ. ಎಂಜಿನ್ನಿಗೆ ಕೆಟ್ಟದ್ದು ಎಂಬ ನಂಬಿಕೆ ಕೆಲವರಿಗೆ. ಆರ್‌ಪಿಎಂ ಮುಳ್ಳು ಕೆಂಪು ಗೆರೆ ಮುಟ್ಟದಂತೆ ನೋಡಿಕೊಂಡರೆ ಎಂಜಿನ್ನಿಗೆ ಅದರಿಂದ ಏನೂ ಆಗುವುದಿಲ್ಲ.

ಗುಂಡಿಯೊಳಗಿನ ಬುದ್ಧಿ

ಅಮೆರಿಕದಲ್ಲಿ ಟ್ರೇಲರ್ ಎಳೆಯುವುದು ಮನೆಮಂದಿಯ ಕೆಲಸ. ದೋಣಿ, ಕುದುರೆ, ಹಾಸಿಗೆ–ಅಡುಗೆಮನೆ ಇರುವ ಕ್ಯಾಂಪರು, ಎಲ್ಲವನ್ನೂ ಪಿಕಪ್ಪಿನ ಹಿಂದೆ ಸಿಕ್ಕಿಸಿಕೊಂಡು ಸಾವಿರಾರು ಮೈಲಿ ಹೋಗುತ್ತಾರೆ. ಅಲ್ಲಿರುವ ನಮ್ಮ ಕನ್ನಡದ ಹುಡುಗರು ಕೆಲಸ ಬದಲಿಸಿ ರಾಜ್ಯದಿಂದ ರಾಜ್ಯಕ್ಕೆ ಮನೆ ಸಾಗಿಸುವಾಗ ಯೂ–ಹಾಲ್‌ನಂಥ ಕಡೆ ಟ್ರೇಲರ್ ಬಾಡಿಗೆಗೆ ಹಿಡಿಯುವುದು ಮಾಮೂಲು. ಬೆಂಗಳೂರಿನಲ್ಲಿ ಸ್ಕೂಟರ್ ಬಿಟ್ಟು ಬೇರೆ ಓಡಿಸದಿದ್ದವರು ಅಲ್ಲಿ ಸಾವಿರ ಕಿಲೊ ಹಿಂದೆ ಕಟ್ಟಿಕೊಂಡು ರಾಕಿ ಪರ್ವತ ಹತ್ತಿ ಇಳಿಯುವ ಪ್ರಸಂಗ ಬರುತ್ತದೆ. ಅಂಥವರಿಗಾಗಿಯೇ ಇರುವುದು ಗೇರ್ ಲಿವರಿನ ಮೇಲೋ ಡ್ಯಾಶ್‌ಬೋರ್ಡಿನ ಮೇಲೋ ಕಾಣುವ ‘ಟೋ–ಹಾಲ್’ ಗುಂಡಿ.

ಗುಂಡಿ ಒತ್ತಿದರೆ ಎಂಜಿನ್ನಿಗೆ ಹೊಸ ಶಕ್ತಿಯೇನೂ ಬರುವುದಿಲ್ಲ. ಬದಲಾಗುವುದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಸ್ವಭಾವ. ಮಾಮೂಲಿ ದಿನಗಳಲ್ಲಿ ಅದು ಪೆಟ್ರೋಲ್ ಉಳಿಸುವ ಆತುರದಲ್ಲಿ ಬೇಗ ಬೇಗ ಮೇಲಿನ ಗೇರಿಗೆ ಹಾರುತ್ತದೆ. ಹಿಂದೆ ಭಾರವಿದ್ದಾಗ ಹೀಗೆ ಹಾರಿದರೆ ಎಂಜಿನ್ ಎಳೆಯಲಾರದೆ ಮತ್ತೆ ಕೆಳಗಿನ ಗೇರಿಗೆ ಬೀಳುತ್ತದೆ, ಮತ್ತೆ ಹಾರುತ್ತದೆ. ಹತ್ತು ಗೇರುಗಳಿರುವ ಇಂದಿನ ಪೆಟ್ಟಿಗೆಗಳಲ್ಲಿ ಈ ಪರದಾಟ ಇನ್ನೂ ಹೆಚ್ಚು, ಒಳಗಿನ ಎಣ್ಣೆ ಕಾಯುವುದೂ ಹೆಚ್ಚು. ಟೋ ಮೋಡ್ ಹಾಕಿದರೆ ಏರಿನಲ್ಲಿ ಕೆಳಗಿನ ಗೇರನ್ನು ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದರೂ ಮೇಲಿನ ಗೇರಿಗೆ ಹೋಗುವುದಿಲ್ಲ. ಬ್ರೇಕನ್ನು ಒಮ್ಮೆ ತಟ್ಟಿದರೆ, ಇವನಿಗೆ ನಿಧಾನ ಬೇಕು ಎಂದು ತಿಳಿದು ತಾನೇ ಒಂದು ಗೇರು ಇಳಿಸುತ್ತದೆ. ಮತ್ತೆ ತಟ್ಟಿದರೆ ಇನ್ನೊಂದು. ಡೀಸೆಲ್ ಪಿಕಪ್ಪಾದರೆ ಜತೆಗೆ ಎಕ್ಸಾಸ್ಟ್ ಬ್ರೇಕೂ ಇರುತ್ತದೆ. ಒಟ್ಟಿನಲ್ಲಿ, ಎಂಜಿನ್ನಿನ ಸದ್ದು ಕೇಳಿ ಗೇರು ಇಳಿಸುತ್ತಿದ್ದ ಹಳೆಯ ಡ್ರೈವರಿನ ಕಿವಿಯನ್ನು ಕಂಪ್ಯೂಟರಿಗೆ ಕಟ್ಟಿದ್ದಾರೆ.

ಇಲ್ಲೊಂದು ಎಚ್ಚರ. ಎಂಜಿನ್ ತಡೆಯುವುದು ಎಳೆಯುವ ಗಾಡಿಯ ಚಕ್ರಗಳನ್ನು ಮಾತ್ರ. ಹಿಂದಿನ ಟ್ರೇಲರಿಗೆ ಅದರ ಸುದ್ದಿಯೇ ಗೊತ್ತಿಲ್ಲ, ಅದು ತನ್ನ ಪಾಡಿಗೆ ಬೆನ್ನಿಗೆ ಬಂದು ತಳ್ಳುತ್ತದೆ. ಹಾಗಾಗಿಯೇ ಅಮೆರಿಕದ ಅನೇಕ ರಾಜ್ಯಗಳಲ್ಲಿ 3,000 ಪೌಂಡು, ಅಂದರೆ ಸುಮಾರು 1,360 ಕಿಲೊ ದಾಟಿದ ಟ್ರೇಲರಿಗೆ ಅದರದೇ ಬ್ರೇಕ್ ಇರಲೇಬೇಕೆಂಬ ಕಾನೂನಿದೆ. ಸರಕು ತುಂಬುವುದರಲ್ಲೂ ಲೆಕ್ಕವಿದೆ. ಯೂ–ಹಾಲ್ ತನ್ನ ಗಿರಾಕಿಗಳಿಗೆ ಹೇಳುವುದು, ನೂರಕ್ಕೆ ಅರವತ್ತು ಭಾಗ ತೂಕ ಟ್ರೇಲರಿನ ಮುಂದಿನ ಅರ್ಧದಲ್ಲಿರಲಿ ಎಂದು. ಹಿಂಭಾರವಾದ ಟ್ರೇಲರು ವೇಗ ಏರಿದಂತೆ ಬಾಲ ಬೀಸತೊಡಗುತ್ತದೆ. ಆಗ ಯಾವ ಮೋಡ್ ಹಾಕಿದ್ದರೂ ಅಷ್ಟಕ್ಕಷ್ಟೇ. ಮಳೆಯಲ್ಲಿ, ಹಿಮದಲ್ಲಿ ಕಥೆ ಇನ್ನೂ ಸೂಕ್ಷ್ಮ. ಜಾರುವ ರಸ್ತೆಯಲ್ಲಿ ಎಂಜಿನ್ ಬ್ರೇಕು ಹಿಂದಿನ ಚಕ್ರಗಳನ್ನು ಥಟ್ಟನೆ ಕಚ್ಚಿದರೆ ಚಕ್ರ ಜಾರಿ, ಎಳೆಯುವ ಗಾಡಿಯೂ ಟ್ರೇಲರೂ ಚಾಕು ಮಡಚಿದ ಹಾಗೆ ಮಡಚಿಕೊಳ್ಳುತ್ತವೆ. ರಸ್ತೆ ಜಾರುವಾಗ ರಿಟಾರ್ಡರ್ (ಎಂಜಿನ್ ಬ್ರೇಕಿನಂಥ ತಡೆಯ ಸಾಧನ) ಆಫ್ ಮಾಡಿ ಎಂದೇ ಅಲ್ಲಿನ ಹೆವಿ ಲೈಸೆನ್ಸಿನ ಕೈಪಿಡಿ ಹೇಳುತ್ತದೆ.

ಆ ಕೈಪಿಡಿಯ ಇನ್ನೆರಡು ಮಾತು ನಮಗೂ ಹೊಂದುತ್ತವೆ. ಹತ್ತಿದ ಗೇರಿನಲ್ಲೇ ಇಳಿ ಎಂಬ ನಿಯಮ ಅಲ್ಲೂ ಇತ್ತು. ಆದರೆ ಈಗಿನ ಟ್ರಕ್ಕುಗಳ ಎಂಜಿನ್ ಬಲಶಾಲಿ, ಒಳಗಿನ ಉಜ್ಜಾಟ ಕಡಿಮೆ, ಮೈಯೂ ಗಾಳಿಯನ್ನು ಸೀಳಿಕೊಂಡು ಹೋಗುವಂಥದ್ದು. ಆದ್ದರಿಂದ ಹತ್ತಿದ್ದಕ್ಕಿಂತ ಸಣ್ಣ ಗೇರೇ ಬೇಕಾಗಬಹುದು ಎಂದು ತಿದ್ದುಪಡಿ ಬಂದಿದೆ. ಇನ್ನೊಂದು, ಬ್ರೇಕನ್ನು ಸದಾ ಮೆಲ್ಲಗೆ ಒತ್ತಿ ಹಿಡಿಯಬೇಡಿ ಎಂಬುದು. ಇಳಿಯಲು ಒಂದು ಸುರಕ್ಷಿತ ವೇಗ ನಿಗದಿ ಮಾಡಿಕೊಳ್ಳಬೇಕು. ಗಾಡಿ ಆ ವೇಗ ಮುಟ್ಟಿದಾಗ ಗಟ್ಟಿಯಾಗಿ ಒತ್ತಿ ವೇಗವನ್ನು ಗಂಟೆಗೆ ಐದು ಮೈಲಿಯಷ್ಟು ಇಳಿಸಿ ಪೂರ್ತಿ ಬಿಟ್ಟುಬಿಡಬೇಕು. ಮತ್ತೆ ಮುಟ್ಟಿದಾಗ ಮತ್ತೆ ಒತ್ತಬೇಕು. ನಡುವಿನ ಬಿಡುವಿನಲ್ಲಿ ಡ್ರಮ್ಮಿಗೆ ಗಾಳಿಯಾಡುತ್ತದೆ. ಗೇರು ಸರಿಯಿದ್ದರೆ ಮಾತ್ರ ಈ ಉಪಾಯ ಕೆಲಸ ಮಾಡುತ್ತದೆ ಎಂಬುದನ್ನೂ ಅದೇ ಪುಟದಲ್ಲಿ ಹೇಳಿದ್ದಾರೆ.

ಇಷ್ಟೆಲ್ಲ ಇದ್ದೂ ಅಲ್ಲಿ ಅನಾಹುತ ತಪ್ಪಿಲ್ಲ. ಕೊಲರಾಡೊದ ಐ–70 ಹೆದ್ದಾರಿ ರಾಕಿ ಪರ್ವತವನ್ನು ಐಸೆನ್‌ಹೋವರ್ ಸುರಂಗದಲ್ಲಿ 11,000 ಅಡಿಗೂ ಎತ್ತರದಲ್ಲಿ ದಾಟಿ ಡೆನ್ವರ್ ಕಡೆಗೆ ಇಳಿಯುತ್ತದೆ. 2019ರ ಏಪ್ರಿಲ್ 25ರಂದು ಮರದ ದಿಮ್ಮಿ–ಹಲಗೆ ಹೇರಿದ್ದ ಟ್ರಕ್ಕೊಂದು ಆ ಇಳಿಜಾರಿನಲ್ಲಿ ಬ್ರೇಕ್ ಕಳೆದುಕೊಂಡು ಲೇಕ್‌ವುಡ್ ಬಳಿ ನಿಂತಿದ್ದ ವಾಹನಗಳ ಸಾಲಿಗೆ ನುಗ್ಗಿತು. ನಾಲ್ವರು ಸತ್ತರು. ಕೈತಪ್ಪಿದ ಗಾಡಿಗಳನ್ನು ಜಲ್ಲಿಯಲ್ಲಿ ಹೂತು ನಿಲ್ಲಿಸಲೆಂದೇ ದಾರಿಯಲ್ಲಿ ಮಾಡಿಟ್ಟಿದ್ದ ಪಕ್ಕದ ದಾರಿಯನ್ನು ಡ್ರೈವರು ದಾಟಿ ಬಂದಿದ್ದ ಎಂಬುದು ನ್ಯಾಯಾಲಯದಲ್ಲಿ ದೊಡ್ಡ ವಾದವಾಯಿತು. 2021ರ ಡಿಸೆಂಬರಿನಲ್ಲಿ ಅವನಿಗೆ ಬಿದ್ದ ಶಿಕ್ಷೆ 110 ವರ್ಷ. ಲಕ್ಷಾಂತರ ಜನ ಮನವಿಗೆ ಸಹಿ ಹಾಕಿದ ಮೇಲೆ ಅದೇ ತಿಂಗಳ ಕೊನೆಗೆ ಗವರ್ನರ್ ಅದನ್ನು ಹತ್ತು ವರ್ಷಕ್ಕೆ ಇಳಿಸಿದರು. ಆ ಇಪ್ಪತ್ತರ ಹರೆಯದ ಹುಡುಗನಿಗೆ ಬೆಟ್ಟ ಇಳಿಯುವುದನ್ನು ಯಾರು, ಎಷ್ಟು ಕಲಿಸಿದ್ದರು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಅಷ್ಟಾಗಿ ಕೇಳಿಸಲಿಲ್ಲ. ಕೇಳಬೇಕಿದ್ದ ಪ್ರಶ್ನೆ ಅದೇ ಆಗಿತ್ತು ಎನಿಸುತ್ತದೆ ನನಗೆ.

ನ್ಯೂಟ್ರಲ್ ಎಂಬ ಸುಳ್ಳು ಉಳಿತಾಯ

ಈಗ ನಮ್ಮ ರಸ್ತೆಗೆ ಬರೋಣ. ಬೆಂಗಳೂರಿನಿಂದ ಸೇಲಂ ಕಡೆ ಹೋಗುವಾಗ ಧರ್ಮಪುರಿ ದಾಟಿದ ಮೇಲೆ ಸಿಗುವ ತೊಪ್ಪೂರು ಘಾಟಿ, ಹುಬ್ಬಳ್ಳಿ–ಬೆಳಗಾವಿಯ ಲಾರಿಗಳು ಪುಣೆ ದಾಟುವಾಗ ಕಾತ್ರಜ್ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ಇಳುಕಲು, ಎರಡೂ ಕರ್ನಾಟಕದ ಡ್ರೈವರುಗಳಿಗೆ ಚೆನ್ನಾಗಿ ಗೊತ್ತು. ಎರಡೂ ಕಡೆ ಪೊಲೀಸರು ವರ್ಷಗಳಿಂದ ಹೇಳುತ್ತಿರುವುದು ಒಂದೇ ಮಾತು: ನ್ಯೂಟ್ರಲ್ ಮಾಡಬೇಡಿ. 2022ರ ನವೆಂಬರ್ 20ರ ರಾತ್ರಿ ನವಲೆ ಸೇತುವೆಯ ಬಳಿ ಲಾರಿಯೊಂದು ಸಾಲಾಗಿ 48 ವಾಹನಗಳಿಗೆ ಗುದ್ದಿತು. ಡೀಸೆಲ್ ಉಳಿಸಲು ಡ್ರೈವರು ಇಳಿಜಾರಿನಲ್ಲಿ ಎಂಜಿನ್ನೇ ಬಂದ್ ಮಾಡಿದ್ದ ಎಂಬುದು ಪೊಲೀಸರ ಮೊದಲ ಹೇಳಿಕೆಯಾಗಿತ್ತು.

ತಮಾಷೆಯೆಂದರೆ (ತಮಾಷೆ ಎನ್ನಬಹುದಾದರೆ), ನ್ಯೂಟ್ರಲ್‌ನಲ್ಲಿ ಡೀಸೆಲ್ ಉಳಿಯುವುದಿಲ್ಲ. ಇಂಧನವನ್ನು ಕಂಪ್ಯೂಟರೇ ಅಳೆದು ಚಿಮ್ಮಿಸುವ ಈಗಿನ ಎಂಜಿನ್ನುಗಳಲ್ಲಿ, ಗೇರು ಹಾಕಿದ್ದು ಕಾಲು ಎತ್ತಿದರೆ ಇಂಧನ ಪೂರ್ತಿ ನಿಂತುಹೋಗುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುವುದರಿಂದ ಅದು ಆರಿಹೋಗುವ ಭಯವಿಲ್ಲ. ನ್ಯೂಟ್ರಲ್ ಮಾಡಿದರೆ ಎಂಜಿನ್ ತನ್ನನ್ನು ತಾನೇ ಜೀವಂತ ಇಟ್ಟುಕೊಳ್ಳಲು ಡೀಸೆಲ್ ಕುಡಿಯುತ್ತಲೇ ಇರಬೇಕು. ಅಂದರೆ ಘಾಟಿಯಲ್ಲಿ ಗೇರಿನಲ್ಲಿ ಇಳಿಯುವವನದು ಶೂನ್ಯ ಖರ್ಚು, ನ್ಯೂಟ್ರಲ್ ಹೊಡೆಯುವವನದೇ ಖರ್ಚು. ಎಂಜಿನ್ ಬಂದ್ ಮಾಡಿದರೆ ಖರ್ಚಿಲ್ಲ, ನಿಜ. ಪವರ್ ಸ್ಟಿಯರಿಂಗೂ ಇಲ್ಲ, ಏರ್ ತುಂಬುವ ಕಂಪ್ರೆಸರೂ ಇಲ್ಲ.

ಇನ್ನೊಂದು ಅಪಾಯವನ್ನು ಹೊಸಬರು ಊಹಿಸುವುದೇ ಇಲ್ಲ. ನ್ಯೂಟ್ರಲ್ ಮಾಡುವುದು ಸುಲಭ, ವಾಪಸು ಗೇರಿಗೆ ಬರುವುದು ಕಷ್ಟ. ಭಾರದ ಲಾರಿ ಒಮ್ಮೆ ವೇಗ ಹಿಡಿದ ಮೇಲೆ ಸಣ್ಣ ಗೇರು ಕೂರುವುದಿಲ್ಲ. ಹಲ್ಲುಗಳು ಕಿರುಗುಟ್ಟಿ ಲಿವರನ್ನು ಹೊರಕ್ಕೆ ತಳ್ಳುತ್ತವೆ. ಆಗ ಉಳಿಯುವುದು ಆಗಲೇ ಕಾದಿರುವ ಬ್ರೇಕೊಂದೇ. ಗೇರನ್ನು ಘಾಟಿಯ ತಲೆಯಲ್ಲಿ, ಇಳುಕಲು ಆರಂಭವಾಗುವ ಮೊದಲೇ ಹಾಕಿಕೋ ಎನ್ನುವುದು ಇದಕ್ಕೆ. ನಡುದಾರಿಯಲ್ಲಿ ಬರುವ ಬುದ್ಧಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹಾಗಿದ್ದೂ ಡ್ರೈವರು ಯಾಕೆ ನ್ಯೂಟ್ರಲ್ ಮಾಡುತ್ತಾನೆ? ಅಜ್ಞಾನ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಹಳೆಯ ಎಂಜಿನ್ನುಗಳ ಕಾಲದಲ್ಲಿ ಹುಟ್ಟಿದ ನಂಬಿಕೆ ಉಳಿದುಕೊಂಡಿದೆ ಎಂಬುದೂ ಸರಿಯೇ. ಆದರೆ ಬೇರು ‘ಆವರೇಜ್’ ಎಂಬ ಪದ್ಧತಿಯಲ್ಲಿದೆ. ಲೀಟರಿಗೆ ಇಷ್ಟು ಕಿಲೋಮೀಟರ್ ಕೊಡಬೇಕು ಎಂದು ಮಾಲೀಕ ಗೆರೆ ಎಳೆಯುತ್ತಾನೆ. ಉಳಿಸಿದರೆ ಡ್ರೈವರಿಗೆ ಭಕ್ಷೀಸು, ಮೀರಿದರೆ ಬತ್ತೆಯಲ್ಲಿ ಕಡಿತ. ಘಾಟಿಯ ರೂಟಿಗೂ ಚಿತ್ರದುರ್ಗದ ಬಯಲಿಗೂ ಒಂದೇ ಗೆರೆಯಾದರೆ ಅವನು ಎಲ್ಲಾದರೂ ಕದಿಯಲೇಬೇಕು. ಕದಿಯಲು ಸಿಗುವ ಜಾಗ ಇಳಿಜಾರು.

ಇದೇ ಬೆಟ್ಟವನ್ನು ಇಳಿಯುವ ರೈಲಿನ ಜತೆ ಹೋಲಿಸಿ ನೋಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಹಳಿ 57 ಸುರಂಗಗಳನ್ನು ಹಾದು 50ಕ್ಕೆ ಒಂದರ ಇಳಿಜಾರಿನಲ್ಲಿ ಇಳಿಯುತ್ತದೆ. ಅಲ್ಲಿ ರೈಲಿನ ವೇಗಮಿತಿ ಗಂಟೆಗೆ 30 ಕಿ.ಮೀ. ರೈಲು ಎಂಜಿನ್ನಿನಲ್ಲಿ ಚಕ್ರ ತಿರುಗಿಸುವ ಮೋಟಾರುಗಳೇ ಇಳಿಯುವಾಗ ಜನರೇಟರುಗಳಾಗಿ ಭಾರ ಹಿಡಿಯುತ್ತವೆ; ಬ್ರೇಕ್ ಬ್ಲಾಕುಗಳ ಹೊರೆ ಕಡಿಮೆಯಾಗುತ್ತದೆ. ಎಷ್ಟು ವೇಗದಲ್ಲಿ ಇಳಿಯಬೇಕು ಎಂಬುದನ್ನು ಲೋಕೊ ಪೈಲಟ್ಟಿನ ಮರ್ಜಿಗೋ ಅವನ ಬತ್ತೆಗೋ ರೈಲ್ವೆ ಬಿಟ್ಟಿಲ್ಲ. ಪಕ್ಕದಲ್ಲೇ ಓಡುವ ಹೆದ್ದಾರಿಯಲ್ಲಿ ಎಲ್ಲವನ್ನೂ ಡ್ರೈವರಿನ ಕಾಲಿಗೆ ಬಿಟ್ಟಿದ್ದೇವೆ. ಆಗುಂಬೆಯ 14 ತಿರುವುಗಳಲ್ಲಿ ಭಾರಿ ವಾಹನಗಳನ್ನೇ ನಿಷೇಧಿಸಿ ಬಚಾವಾದೆವು. ಎಲ್ಲ ಘಾಟಿಗಳಲ್ಲೂ ಹಾಗೆ ಮಾಡಲು ಆಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಟ್ರೇಲರ್ ಲಾರಿಗಳ ಗರಿಷ್ಠ ತೂಕವನ್ನು 49 ಟನ್ನಿನಿಂದ 55ಕ್ಕೆ ಏರಿಸಿದ ಮೇಲಂತೂ ಬೆಟ್ಟ ಇಳಿಯಬೇಕಾದ ಹೊರೆ ಇನ್ನೂ ಹೆಚ್ಚಿದೆ.

ಕಾರಿನವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಎಸ್‌ಯುವಿಗಳಲ್ಲಿ ಬರುವ ‘ಹಿಲ್ ಡಿಸೆಂಟ್ ಕಂಟ್ರೋಲ್’ ಎಂಜಿನ್ ಬ್ರೇಕಿಂಗ್‌ಗೆ ಬದಲಿಯಲ್ಲ. ಅದು ಮುಖ್ಯವಾಗಿ ಚಕ್ರದ ಬ್ರೇಕುಗಳನ್ನೇ ಒತ್ತಿ ಬಿಡುತ್ತ ಗಾಡಿ ಇಳಿಸುತ್ತದೆ. ಕಾಫಿ ತೋಟದ ಕಡಿದಾದ ಮಣ್ಣುದಾರಿಗೆ ಸರಿ, ಇಪ್ಪತ್ತೈದು ಕಿಲೋಮೀಟರ್ ಘಾಟಿಗಲ್ಲ. ಆಟೊಮ್ಯಾಟಿಕ್ ಕಾರಿನವರು ‘ಡಿ’ಯಲ್ಲೇ ಬಿಡದೆ ಮ್ಯಾನುಯಲ್ ಅಥವಾ ‘ಎಲ್’ಗೆ ತಂದುಕೊಳ್ಳಿ. ಎಲೆಕ್ಟ್ರಿಕ್ ಕಾರುಗಳು ಇಳಿಜಾರಿನಲ್ಲಿ ಮೋಟಾರಿನಿಂದಲೇ ತಡೆದು ಬ್ಯಾಟರಿ ತುಂಬಿಕೊಳ್ಳುತ್ತವೆ, ಘಾಟಿಗೆ ಹೇಳಿ ಮಾಡಿಸಿದ ಗುಣ. ಆದರೆ ಮಡಿಕೇರಿಯ ಹೋಟೆಲಿನಲ್ಲಿ ರಾತ್ರಿಯಿಡೀ ನೂರಕ್ಕೆ ನೂರು ಚಾರ್ಜ್ ಮಾಡಿ ಬೆಳಿಗ್ಗೆ ಸಂಪಾಜೆಯತ್ತ ಇಳಿದರೆ ತುಂಬಿದ ಬ್ಯಾಟರಿಯಲ್ಲಿ ಹಾಕಲು ಜಾಗವಿರುವುದಿಲ್ಲ, ಆ ತಡೆ ಬಹಳ ಕುಗ್ಗುತ್ತದೆ. ಬೆಟ್ಟದ ಮೇಲೆ ಎಂಬತ್ತಕ್ಕೆ ಚಾರ್ಜ್ ನಿಲ್ಲಿಸಿ.

ಬ್ರೇಕಿಲ್ಲದ ಬಾಲಗಳು

ಟ್ರೇಲರ್ ಎಂದ ಕೂಡಲೇ ಕನ್ನಡದ ಓದುಗರ ಕಣ್ಣಿಗೆ ಬರುವುದು ಕ್ಯಾಂಪರೂ ಅಲ್ಲ, ದೋಣಿಯೂ ಅಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರು. ಬೆಳಗಾವಿ, ಬಾಗಲಕೋಟೆ, ಮಂಡ್ಯದ ರಸ್ತೆಗಳಲ್ಲಿ ಹಂಗಾಮು ಶುರುವಾದರೆ ಒಂದರ ಹಿಂದೆ ಎರಡು ಟ್ರೇಲರ್ ಸಿಕ್ಕಿಸಿಕೊಂಡು, ಟೇಪಿನಲ್ಲಿ ಹಾಡು ಹಚ್ಚಿಕೊಂಡು ಇವು ರಾತ್ರಿಯಿಡೀ ಸಾಲುಗಟ್ಟುತ್ತವೆ. ಟ್ರ್ಯಾಕ್ಟರಿನ ಸ್ವಂತ ತೂಕ ಎರಡು, ಎರಡೂವರೆ ಟನ್ ಆಸುಪಾಸು. ಹಿಂದಿನ ಎರಡು ಟ್ರೇಲರುಗಳ ಕಬ್ಬು ಸೇರಿ ಇಪ್ಪತ್ತು ಟನ್ ಮುಟ್ಟುವುದುಂಟು. ಬಹುತೇಕ ಟ್ರೇಲರುಗಳಿಗೆ ಬ್ರೇಕಿಲ್ಲ.

ಇಲ್ಲಿ ಘಾಟಿ ಬೇಕಾಗಿಲ್ಲ. ಕಾಲುವೆಯ ಏರಿ, ಸೇತುವೆಯ ಇಳುಕಲು ಸಾಕು. ನೂರು ಅಡಿಗೆ ಐದು ಅಡಿ ಇಳಿಯುವ ರಸ್ತೆಯಲ್ಲಿ ಇಪ್ಪತ್ತು ಟನ್ ಭಾರ ಒಂದು ಟನ್ ಬಲದಿಂದ ಟ್ರ್ಯಾಕ್ಟರಿನ ಬೆನ್ನನ್ನು ತಳ್ಳುತ್ತದೆ. ಟೈರಿನ ಉಜ್ಜಾಟ ಕಳೆದರೂ ಮುಕ್ಕಾಲು ಟನ್ನಿನಷ್ಟು. ತಡೆಯಲು ಇರುವುದು ಟ್ರ್ಯಾಕ್ಟರಿನ ಎರಡು ಹಿಂದಿನ ಚಕ್ರ. ಸಣ್ಣ ಗೇರಿನಲ್ಲಿ ಬಂದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಅವಸರಕ್ಕೆ ನ್ಯೂಟ್ರಲ್ ಮಾಡಿದರೋ ಇಳಿಯುತ್ತ ಕ್ಲಚ್ ಒತ್ತಿದರೋ ಭಾರಕ್ಕೂ ಎಂಜಿನ್ನಿಗೂ ಸಂಬಂಧ ಕಡಿದುಹೋಗುತ್ತದೆ. ಟ್ರ್ಯಾಕ್ಟರಿನಲ್ಲಿ ಮತ್ತೊಂದು ವಿಶೇಷ ಅಪಾಯವಿದೆ. ಹೊಲದಲ್ಲಿ ಗಿರ್ರನೆ ತಿರುಗಲು ಅನುಕೂಲವಾಗಲೆಂದು ಎಡ–ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಕೊಟ್ಟಿರುತ್ತಾರೆ. ರಸ್ತೆಗೆ ಬರುವಾಗ ಎರಡನ್ನೂ ಕೂಡಿಸುವ ಚಿಕ್ಕ ಲಾಕ್ ಹಾಕಿಕೊಳ್ಳಬೇಕು. ಅದನ್ನು ಮರೆತು ಗಾಬರಿಯಲ್ಲಿ ಒಂದೇ ಪೆಡಲು ತುಳಿದರೆ ಒಂದು ಚಕ್ರ ಕಚ್ಚಿ ನಿಲ್ಲುತ್ತದೆ, ಹಿಂದಿನ ಭಾರ ತಳ್ಳುತ್ತದೆ, ಟ್ರ್ಯಾಕ್ಟರು ಪಕ್ಕಕ್ಕೆ ತಿರುಗಿ ಮಗುಚುತ್ತದೆ.

ಅಮೆರಿಕದ ಗುಂಡಿ ನಮಗೆ ಬರುವ ತನಕ ಕಾಯಬೇಕಿಲ್ಲ. ಇಲ್ಲಿ ಬೇಕಾದದ್ದು ಅದಕ್ಕಿಂತ ಅಗ್ಗದ್ದು. ಲಾರಿ ಮಾಲೀಕರು ಘಾಟಿ ರೂಟಿನ ಆವರೇಜನ್ನು ಬೇರೆಯಾಗಿ ಲೆಕ್ಕ ಹಾಕಲಿ, ಇಳಿಜಾರಿನಲ್ಲಿ ಉಳಿಸಿದ ಡೀಸೆಲ್ಲಿಗೆ ಭಕ್ಷೀಸು ಕೊಡುವುದನ್ನು ಬಿಡಲಿ. ಡ್ರೈವಿಂಗ್ ಸ್ಕೂಲುಗಳು ಹೆವಿ ಲೈಸೆನ್ಸಿಗೆ ಬರುವ ಹುಡುಗರನ್ನು ಮೈದಾನದಲ್ಲಿ ಎಂಟು ಹೊಡೆಸಿ ಕಳಿಸುವ ಬದಲು ಒಮ್ಮೆಯಾದರೂ ಲೋಡಿನ ಜತೆ ಇಳುಕಲಿಗೆ ಕರೆದೊಯ್ಯಲಿ. ಸಕ್ಕರೆ ಕಾರ್ಖಾನೆಗಳು ಮುಂದಿನ ಹಂಗಾಮಿನಿಂದ ಬ್ರೇಕಿಲ್ಲದ ಟ್ರೇಲರಿನ ಕಬ್ಬನ್ನು ಗೇಟಿನಲ್ಲೇ ನಿಲ್ಲಿಸಲಿ. ಬ್ರೇಕ್ ಹಾಕಿಸಲು ಸಾಗಣೆದಾರನಿಗೆ ಕೊಡುವ ಮುಂಗಡದಲ್ಲೇ ಒಂದು ಪಾಲು ಎತ್ತಿಡಬಹುದು, ಕಾರ್ಖಾನೆಗಳಿಗೆ ಅದೇನೂ ದೊಡ್ಡ ಮೊತ್ತವಲ್ಲ.